ಮೊಲಕ್ಕಾಗಿ ದನಿ ಇಳಿಸಿದವರು

ಮೊದಲು ಅವರ ದನಿ ಬರುತ್ತಿತ್ತು, ಆಮೇಲೆ ಅವರು. ಇಚಲಕರಂಜಿಯ ಮಗ್ಗುಲ ಕಬನೂರಿನ ನಮ್ಮ ಗಲ್ಲಿಯಲ್ಲಿ ಎರಡೂ ಕಡೆ ಮಾಗಗಳಿದ್ದವು. ಮಾಗ ಅಂದರೆ ಕರೆಂಟಿನ ಮೇಲೆ ನಡೆಯುವ ಮಗ್ಗ. ಅವು ಬಡಿಯತೊಡಗಿದರೆ ಗೋಡೆಗೆ ತೂಗುಹಾಕಿದ ಸೌಟು ಕೂಡ ಅಲುಗುತ್ತಿತ್ತು. ಅಂಥ ಕಡೆ ಮೆಲ್ಲಗೆ ಮಾತಾಡುವವರು ಯಾರೂ ಇರಲಿಲ್ಲ. ಮಾತಾಡಿದರೂ ಕೇಳುವವರಿರಲಿಲ್ಲ. ಆದರೆ ಅವರ ದನಿ ಮಾಗಗಳನ್ನೂ ದಾಟಿ ಬರುತ್ತಿತ್ತು. ಅಂಗಡಿಯವನಿಗೆ "ಬೆಲ್ಲ ಕೊಡು" ಎಂದರೆ ಅವನ ಕೊರಳಪಟ್ಟಿ ಹಿಡಿಯಲು ಬಂದ ಹಾಗೆ ಕೇಳಿಸುತ್ತಿತ್ತು.

ಅವರ ಹೆಸರು ಬರೆಯುವುದಿಲ್ಲ. ಅವರ ಅಣ್ಣತಮ್ಮಂದಿರ ಮಕ್ಕಳು ಇನ್ನೂ ಅವರ ಊರು ಸುಳಕೂಡದಲ್ಲಿದ್ದಾರೆ, ಅವರಿಗೆ ಇದು ಬೇಕಾಗಲಿಕ್ಕಿಲ್ಲ. ಎಲ್ಲರೂ ಅವರಿಗೆ ಜಾಬರ್ ಎನ್ನುತ್ತಿದ್ದರು. ಕೆಟ್ಟು ನಿಂತ ಮಾಗವನ್ನು ಸರಿಮಾಡುವವನಿಗೆ ನಮ್ಮಲ್ಲಿ ಹಾಗೆನ್ನುವುದು. ನಾನು ಜಾಬರಣ್ಣ ಎನ್ನುತ್ತಿದ್ದೆ.

ಜೈನರು. ಹೊಲ ಇದ್ದ ಜೈನರಲ್ಲ, ಹೊಲ ಕೈಬಿಟ್ಟು ಹೋದ ಮೇಲೆ ಇಚಲಕರಂಜಿಗೆ ಬಂದವರು. ಬಿಳಿ ಟೋಪಿ, ಎಣ್ಣೆಗಪ್ಪು ಉಗುರು, ಎಡಗಿವಿಯಲ್ಲಿ ಸದಾ ಒಂದು ಹತ್ತಿಯ ಉಂಡೆ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕು ಅವರಿಗೆ. ಪಾಳಿ ಮುಗಿಯದಿದ್ದರೆ ಶೆಡ್ಡಿನ ಬಾಗಿಲಲ್ಲೇ ನಿಂತು, ಒಂದು ಕೈಯಲ್ಲಿ ನಟ್ಟು ತಿರುವುವ ಪಾನಾ ಹಿಡಿದುಕೊಂಡೇ ರೊಟ್ಟಿ ಮುಗಿಸುತ್ತಿದ್ದರು. ಮಾಗ ಕೆಟ್ಟಿತೆಂದು ಕರೆದರೆ ಮೊದಲು ಬಿಚ್ಚುತ್ತಿರಲಿಲ್ಲ. ನಡೆಯುತ್ತಿರುವ ಮಾಗದ ಮೈಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ನೇರ ಹೋಗಿ ಒಂದೇ ನಟ್ಟು ಬಿಗಿ ಮಾಡಿ ಬರುತ್ತಿದ್ದರು. ಮಾಲಕರು ಅದನ್ನು ದೊಡ್ಡ ಜಾದೂ ಎನ್ನುತ್ತಿದ್ದರು. ಅದು ಜಾದೂ ಅಲ್ಲ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಮಾಗಗಳ ನಡುವೆ ನಿಂತವನಿಗೆ ಕಿವಿ ಎಲ್ಲಿ ಉಳಿಯುತ್ತದೆ? ಉಳಿದದ್ದು ಅಂಗೈ. ಇದು ನನಗೆ ಆಗ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಪೂರಾ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಮಾಗದವರು ಒಬ್ಬರಿಗೊಬ್ಬರು ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುವವರು. ಕಿವಿಯ ಗರಜೇ ಬೀಳುವುದಿಲ್ಲ.

ಅವರ ಹೆಂಡತಿ ಬೇಗ ಸತ್ತಳು. ಮಗಳಿಗೆ ಆಗ ಐದೋ ಆರೋ ವರ್ಷ. ನಾನು ಗೋಡೆಯಾಚೆಯವಳು. ಮಹಾಗಾಂವದ ಕುರುಬರ ಮನೆಯಿಂದ ಬಂದು ಇಲ್ಲಿ ಕಾಂಡಿ ತುಂಬುತ್ತಿದ್ದೆ. ಮಾಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ನೂಲು ಸುತ್ತುವ ಕೆಲಸ ಅದು, ಮನೆಯಲ್ಲೇ ಕೂತು ಮಾಡುವುದು. ಆ ಹುಡುಗಿ ನನ್ನ ಚರಕದ ಮಗ್ಗುಲಲ್ಲೇ ಬೆಳೆದಳು. ತಲೆ ಬಾಚಿದವಳು ನಾನು, ಹೇನು ತೆಗೆದವಳು ನಾನು. ಅಪ್ಪನ ದನಿ ಗಲ್ಲಿಯ ಮೂಲೆಯಲ್ಲಿ ಕೇಳಿಸಿದರೆ ಸಾಕು, ಎದ್ದು ಓಡಿಹೋಗಿ ತಮ್ಮ ಮನೆಯ ಹಗ್ಗ ಹೆಣೆದ ಹೊರಸಿನ ಬುಡಕ್ಕೆ ಸೇರಿಕೊಳ್ಳುತ್ತಿದ್ದಳು. ಅವರು ಉಂಡು ಮಲಗುವ ತನಕ ಹೊರಗೆ ಬರುತ್ತಿರಲಿಲ್ಲ. ನಾನೇ ಹೇಳಿಕೊಟ್ಟಿದ್ದೆ ಅವಳಿಗೆ: "ನಿಮ್ಮಪ್ಪ ಭಾಳ ಸಿಟ್ಟಿನಾಂವ ಐದಾನವಾ, ಎದುರ ನಿಲ್ಲಬ್ಯಾಡ." ಒಳ್ಳೆಯದಕ್ಕೇ ಹೇಳಿದೆ ಎಂದುಕೊಂಡಿದ್ದೆ. ಅವರು ಅವಳಿಗೆ ಒಂದು ಏಟು ಹೊಡೆದದ್ದನ್ನು ನಾನು ನೋಡಿರಲಿಲ್ಲ. ನೋಡದಿದ್ದರೂ ಹೇಳಿದೆ.

ಅವಳನ್ನು ಗಡಹಿಂಗ್ಲಜಕ್ಕೆ ಕೊಟ್ಟರು. ಮದುವೆಯಾದ ಮೇಲೆ ಬಂದ ಮೊದಲ ನಾಗರಪಂಚಮಿಗೆ ಅವಳನ್ನು ತವರಿಗೆ ಕರೆದುಕೊಂಡು ಬರಲು ಅವರೇ ಹೋದರು, ಉಂಡಿ ಕಟ್ಟಿಸಿಕೊಂಡು. ಉಂಡಿ ನಾನೇ ಕಟ್ಟಿಕೊಟ್ಟಿದ್ದೆ, ಎಳ್ಳಿನವು, ಶೇಂಗಾದವು. ಮರುದಿನ ಬೆಳಿಗ್ಗೆ ಒಬ್ಬರೇ ಬಂದರು.

"ಯಾಕ್ರೀ ಅಣ್ಣಾ, ಎಲ್ಲೆದಾಳ?" ಎಂದು ಕೇಳಿದೆ.

"ಕಳಸಲಿಲ್ಲ!"

"ಯಾಕ್ರಿ?"

"ಏನ ಗೊತ್ತ! ಆಕಿ ಅತ್ತಿ ಬಾಗಲಾ ಬಿಟ್ಟ ಸರೀಲs ಇಲ್ಲ! 'ಭಾಂಡಾಯ್ಲಾ ಆಲಾಯ್ ಕಾಯ್ ತುಮ್ಹೀ' ಅಂದಳು!"

ಜಗಳಕ್ಕೆ ಬಂದೀರೇನು ಅಂತ, ಮರಾಠಿಯಲ್ಲಿ. ಅವರು ಆ ಬಾಗಿಲಲ್ಲಿ ನಿಂತು "ಮಗಳನ್ನ ಪಂಚಮಿಗೆ ಕರ್ಯಾಕ ಬಂದೇನ್ರಿ" ಎಂದಿದ್ದರು, ಅಷ್ಟೆ. ಹೇಗೆ ಅಂದಿರಬೇಕೆಂದು ನನಗೆ ಗೊತ್ತು. ಬೀಗರಿಗೆ ಏನು ಗೊತ್ತು? ಮರು ವರ್ಷವೂ ಅದೇ ಆಯಿತು. ಮೂರನೇ ವರ್ಷ ಹೋಗಲಿಲ್ಲ. ಉಂಡಿಯ ಡಬ್ಬಿಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದರು. ಆ ಚಳಿಗಾಲದಲ್ಲಿ ಹುಡುಗಿ ಹೆರಿಗೆಯಲ್ಲಿ ಹೋದಳು. ಕೂಸೂ ಉಳಿಯಲಿಲ್ಲ.

ಇದೆಲ್ಲ ಎಪ್ಪತ್ತೆಂಟು ಎಪ್ಪತ್ತೊಂಬತ್ತರ ಸುಮಾರು.

ಎಲ್ಲ ಮುಗಿಸಿಕೊಂಡು ಅವರು ಎಸ್‌ಟಿ ಬಸ್ಸಿನಲ್ಲಿ ತಿರುಗಿ ಬಂದಾಗ ಕೈಯಲ್ಲಿ ಅವಳ ತಗಡಿನ ಟ್ರಂಕು ಇತ್ತು, ಕಂಕುಳಲ್ಲಿ ಮುಚ್ಚಳದ ಒಂದು ಬುಟ್ಟಿ. ನಾನೂ ನನ್ನ ಗಂಡನೂ ಬಾಗಿಲಲ್ಲಿ ನಿಂತಿದ್ದೆವು. ಸತ್ತ ಮನೆಯವರಿಗೆ ಏನು ಕೇಳಬೇಕು ಎಂದು ತಿಳಿಯದೆ ಬುಟ್ಟಿಯ ಬಗ್ಗೆ ಕೇಳಿದೆ.

"ಬುಟ್ಟ್ಯಾಗ ಏನೈತ್ರಿ ಅಣ್ಣಾ?"

"ಮೊಲ! ಆಕಿ ಸಾಕಿದ್ದು! 'ನಿಮ್ಮ ಮಗಳ ಸಾಮಾನ, ತಗೊಂಡ ಹೋಗ್ರಿ' ಅಂದ್ರು!"

ಅವರು ಬಾಯಿ ತೆರೆದ ಕೂಡಲೇ ಬುಟ್ಟಿ ತಾನಾಗಿ ಜಿಗಿಯಿತು. ನನ್ನ ಗಂಡನಿಗೆ ಹೊತ್ತುಗೊತ್ತು ತಿಳಿಯುವುದಿಲ್ಲ. "ನಮ್ಮಾಕಿ ಕೈಯಾಗ ಕೊಡ್ರಿ, ಛಲೋ ಸಾರ ಮಾಡತಾಳ," ಎಂದ. ನಮ್ಮ ಕಡೆ ಬೇಟೆಗೆ ಹೋದವರು ಮೊಲ ತರುವುದು ಉಂಟು. ಜಾಬರಣ್ಣ ಅವನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ನನ್ನ ಗಂಡ ಒಳಗೆ ಹೋಗಿ ಆ ದಿನ ಉಣ್ಣಲಿಲ್ಲ.

ಬಿಳಿ ಮೊಲ. ಕಿವಿಯೊಳಗೆ ಗುಲಾಬಿ, ಒಂದು ಕಿವಿಯ ತುದಿ ಹರಿದಿತ್ತು. ಬುಟ್ಟಿ ತೆರೆದದ್ದೇ ತಡ, ಹೊರಸಿನ ಬುಡಕ್ಕೆ ಹೋಗಿ ಟ್ರಂಕಿನ ಹಿಂದೆ ಸೇರಿತು. ಎಂಟು ದಿನ ಹಗಲು ಅವರ ಎದುರಿಗೆ ಬರಲಿಲ್ಲ. ಅವರು ಪಾಳಿಗೆ ಹೋದಾಗ ಹೊರಗೆ ಬಂದು ಮೆಂತ್ಯದ ಸೊಪ್ಪು ತಿಂದು, ಹಿಕ್ಕೆ ಹಾಕಿ, ಮತ್ತೆ ಒಳಗೆ. ನಾನು ಗೋಡೆಯ ಕಿಂಡಿಯಲ್ಲಿ ನೋಡುತ್ತಿದ್ದೆ. ಮಾಗಗಳ ಸದ್ದಿಗೆ ಮೂರನೇ ದಿನಕ್ಕೇ ಒಗ್ಗಿತ್ತು ಅದು. ಅವರ ಸದ್ದಿಗೆ ಒಗ್ಗಲಿಲ್ಲ.

ಒಂಬತ್ತನೇ ದಿನ ಅವರಿಗೆ ಸುಟ್ಟಿ, ಪಾಳಿ ಇರಲಿಲ್ಲ. ಬೆಳಿಗ್ಗೆಯಿಂದ ಹೊರಸಿನ ಮುಂದೆ ಮೊಣಕಾಲೂರಿ, ಸೊಪ್ಪು ಹಿಡಿದು ಕೂತಿದ್ದರು. "ಬಾ! ಬಾರs! ಯಾಕ ಅಂಜತಿ!" ಗಲ್ಲಿಗೆಲ್ಲ ಕೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಅವರ ಎದುರಿಗೆ ನಿಂತೆ, ತುಟಿ ಕಾಣುವ ಹಾಗೆ.

"ಅಣ್ಣಾ, ಒದರಬ್ಯಾಡ್ರಿ. ಅದಕ ಅಂಜಿಕಿ ಬರತೈತಿ."

"ಯಾರ ಒದರಾಕತ್ತಾರ?"

"ನೀವ."

"ನಾ ಹಳೂಕ ಮಾತಾಡಾಕತ್ತೇನಿ!"

ಬಾಗಿಲಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು.

"ಇದ ಹಳೂಕ ಅಲ್ರಿ. ಇದ ಒದರೂದು. ನೀವು ಯಾವಾಗ್ಲೂ ಒದರತೀರಿ."

ಅವರು ಸೊಪ್ಪು ಕೆಳಗಿಟ್ಟರು.

"ಯಾವಾಗ್ಲೂ?"

"ಯಾವಾಗ್ಲೂ."

"ಆಕಿ ಇದ್ದಾಗೂ?"

ನನಗೆ ಸುಳ್ಳು ಹೊಂದಿಸಲು ಬರುವುದಿಲ್ಲ. "ಹೌದ್ರಿ. ಆಕಿ ಇದ್ದಾಗೂ," ಎಂದೆ.

ಅವರು ಹೊರಸಿನ ಬುಡಕ್ಕೆ ಕೈ ತೋರಿಸಿದರು. ಆಮೇಲೆ, "ಆಕಿ ಇಲ್ಲೆ ಬುಡಕ ಬಂದ ಕುಂಡರತಿದ್ದಳು. ನಾ ಪಾಳಿ ಮುಗಿಸಿ ಬಂದಾಗೊಮ್ಮೆ," ಎಂದರು. "ನಾ ಅದ ಆಟ ಅಂತ ತಿಳದಿದ್ದೆ. ಬಗ್ಗಿ ನೋಡಿ 'ಸಿಕ್ಕೀ!' ಅಂತಿದ್ದೆ."

ಅದೂ ದೊಡ್ಡ ದನಿಯಲ್ಲೇ ಬಂತು. ಇನ್ನು ಹೇಗೆ ಬರಬೇಕು? ಆ 'ಸಿಕ್ಕೀ' ನನಗೂ ನೆನಪಿತ್ತು. ಗೋಡೆಯಾಚೆ ಕೂತು ಅದನ್ನು ಕೇಳಿ, ಇವತ್ತು ಹುಡುಗಿಗೆ ಬಿತ್ತು ಏಟು ಎಂದುಕೊಳ್ಳುತ್ತಿದ್ದೆ. ನಾನು ಅವಳಿಗೆ ಹೇಳಿಕೊಟ್ಟ ಮಾತು ಆಗ ಬಾಯಿಗೆ ಬಂತು. ಅಲ್ಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಅಂದಿನಿಂದ ಅವರಿಗೆ ಅದೊಂದೇ ಹಟ. ಆ ಮೊಲ ತಮಗೆ ಅಂಜಬಾರದು. ತಾವು ಮನೆಯಲ್ಲಿರುವಾಗ ತಾನಾಗಿ ಹೊರಗೆ ಬಂದು ತಮ್ಮ ಕೈ ಮುಟ್ಟಬೇಕು. "ಒಮ್ಮೆ ಬಂದ್ರ ಸಾಕ ತಂಗೀ," ಎನ್ನುತ್ತಿದ್ದರು. ಬೇರೆ ಏನೂ ಬೇಡವಾಗಿತ್ತು ಆ ಮನುಷ್ಯನಿಗೆ. ದೇವರನ್ನೂ ಬೇಡುವುದು ಬಿಟ್ಟಿದ್ದರು, ಬಸದಿಗೆ ಹೋಗುವುದನ್ನೂ ನಿಲ್ಲಿಸಿದ್ದರು.

ತಮ್ಮ ದನಿ ಎಷ್ಟು ದೊಡ್ಡದು ಎಂದು ಅವರಿಗೆ ತಿಳಿಯುವ ಹಾದಿ ಇರಲಿಲ್ಲ. ಅದಕ್ಕೆ ನಾವು ಒಂದು ಸನ್ನೆ ಮಾಡಿಕೊಂಡೆವು. ಅವರು ಮಾತಾಡುವಾಗ ನಾನು ಎದುರಿಗೆ ಕೂತು, ದನಿ ಏರಿದರೆ ಅಂಗೈ ಕೆಳಮುಖ ಮಾಡಿ ಕೆಳಗಿಳಿಸುವುದು. ಇನ್ನೂ ಏರಿದ್ದರೆ ಇನ್ನೊಮ್ಮೆ. ಮೊದಮೊದಲು ನನ್ನ ಕೈ ಸೋತು ಹೋಗುತ್ತಿತ್ತು. ನನ್ನ ಗಂಡ ನಗುತ್ತಿದ್ದ, "ಏನ ಸಾಲಿ ಹಚ್ಚೀರಿ ಇಬ್ಬರೂ?" ಎಂದು. ಅವರೂ ಒಮ್ಮೆ ನಕ್ಕರು. "ಮೂವತ್ತ ವರ್ಷ ಮಾಗ ಟ್ಯೂನಿಂಗ ಮಾಡೀನಿ. ಈಗ ನನ್ನs ಟ್ಯೂನಿಂಗ ಮಾಡಾಕತ್ತಾಳ ಈಕಿ," ಎಂದರು. ಆ ನಗೆಗೂ ನಾನು ಕೈ ಇಳಿಸಬೇಕಾಯಿತು.

ಮೊಲದ ಹೆಸರೇನೆಂದು ಅವರಿಗೆ ಗೊತ್ತಿರಲಿಲ್ಲ. ಮಗಳು ಅದನ್ನು ಏನೆಂದು ಕರೆಯುತ್ತಿದ್ದಳೋ ಹಾಗೆ ಕರೆದರೆ ಬಂದೀತು ಎಂಬ ಆಸೆ. ಅದನ್ನು ಕೇಳಲಿಕ್ಕೆ ಗಡಹಿಂಗ್ಲಜಕ್ಕೆ ಹೋಗಿಬಂದರು. ಸತ್ತ ಮಗಳ ಮನೆಯ ಬಾಗಿಲಿಗೆ ಮೊಲದ ಹೆಸರು ಕೇಳಲು ಹೋದವರನ್ನು ನೀವು ನೋಡಿರಲಿಕ್ಕಿಲ್ಲ. ಈ ಸಲ ಮಾತೇ ಆಡಲಿಲ್ಲವಂತೆ, ಎಲ್ಲಿ ದನಿ ಏರುತ್ತದೋ ಎಂದು. ಅಂಗಳದಲ್ಲಿ ನಿಂತು ಎರಡು ಬೆರಳು ತಲೆಯ ಮೇಲೆ ಕಿವಿಯ ಹಾಗೆ ಇಟ್ಟು ತೋರಿಸಿದರಂತೆ. ಅತ್ತೆ ಇವನಿಗೆ ತಲೆ ಕೆಟ್ಟಿದೆ ಎಂದು ಒಳಗೆ ಹೋದಳು. ಮಗಳ ನಾದಿನಿಯೊಬ್ಬಳು ಹೊರಗೆ ಬಂದು ಹೇಳಿದಳು: ವೈನಿ, ಅಂದರೆ ಅತ್ತಿಗೆ, ಅದಕ್ಕೆ ಹೆಸರು ಇಟ್ಟಿರಲಿಲ್ಲ, ನಾಲಗೆಯ ತುದಿಯಿಂದ "ಚ್ ಚ್" ಎನ್ನುತ್ತಿದ್ದಳು, ಭಾಳ ಮೆಲ್ಲಗೆ, ಅದು ಓಡಿ ಬಂದು ಉಡಿಯಲ್ಲಿ ಕೂರುತ್ತಿತ್ತು.

ಭಾಳ ಮೆಲ್ಲಗೆ. ಅದೇ ಅವರಿಗೆ ಬಾರದ ವಿದ್ಯೆ.

ಬಂದವರು ನನ್ನೆದುರು ಕೂತು ಮಾಡಿ ತೋರಿಸಿದರು. ಎತ್ತಿಗೆ ಚಾಬೂಕು ಬೀಸಿದ ಹಾಗೆ ಬಂತು. ಟ್ರಂಕಿನ ಹಿಂದೆ ಧಡಕ್ ಎಂದು ಸದ್ದಾಯಿತು. ನಾನು ಕೈ ಇಳಿಸಿದೆ. ಮತ್ತೆ ಮಾಡಿದರು. ಕೈ ಇಳಿಸಿದೆ. ಹೀಗೆ ದಿನಾ ಪಾಳಿಯಿಂದ ಬಂದ ಮೇಲೆ ಒಂದಷ್ಟು ಹೊತ್ತು. ನನ್ನ ಕಾಂಡಿ ಹಿಂದೆ ಬಿದ್ದವು. ತಿಂಗಳಾಗುವ ಹೊತ್ತಿಗೆ ನನಗೇ ಕೇಳಿಸದಷ್ಟು ಸಣ್ಣದಾಯಿತು ಅವರ "ಚ್ ಚ್". ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು. "ಆತೇನ?" ಎಂದು ಹುಬ್ಬು ಎತ್ತಿ ಕೇಳಿದರು. ನಾನು ತಲೆ ಆಡಿಸಿದೆ. ಒಂದು ಮಾಗ ಸರಿಯಾದಾಗಲೂ ಅವರ ಮುಖ ಹಾಗೆ ಆದದ್ದು ನಾನು ನೋಡಿಲ್ಲ.

ಆಮೇಲೆ ನೆಲ. ಕೂತಲ್ಲೇ ಅಂಗೈಯನ್ನು ನೆಲಕ್ಕೆ ಊರಿ ಕಣ್ಣು ಮುಚ್ಚುತ್ತಿದ್ದರು, ಮಾಗದ ಮೈ ಮುಟ್ಟಿದ ಹಾಗೆಯೇ. "ಈಗ ಎದ್ದ ನಿಂತೈತಿ," ಎನ್ನುತ್ತಿದ್ದರು. "ಈಗ ಹಿಂದಿನ ಕಾಲ ಬಡದೈತಿ." "ಈಗ ಟ್ರಂಕಿನ ಈ ಕಡೆ ಬಂದೈತಿ, ನೋಡ." ನಾನು ಬಗ್ಗಿ ನೋಡಿದರೆ ಬಂದಿರುತ್ತಿತ್ತು. ಅದನ್ನು ದಿಟ್ಟಿಸಿ ನೋಡಬೇಡಿ ಎಂದು ನಾನೇ ಹೇಳಿದ್ದೆ. ಕುರಿಮರಿ ಹೊಸದಾಗಿ ತಂದಾಗ ನಾವು ಅದಕ್ಕೆ ಬೆನ್ನು ಮಾಡಿ ಕೂರುತ್ತೇವೆ. ಅವರೂ ಹಾಗೆ ಬೆನ್ನು ಮಾಡಿ ಕೂತರು, ಕೈ ಮಾತ್ರ ಹಿಂದೆ ಚಾಚಿ, ಅಂಗೈಯಲ್ಲಿ ಗಜ್ಜರಿಯ ತುಂಡು.

ಕರೆಂಟ್ ಹೋದರೆ ಮಾತ್ರ ಎಲ್ಲ ಕೆಡುತ್ತಿತ್ತು. ಮಾಗಗಳೆಲ್ಲ ಒಮ್ಮೆಲೇ ನಿಂತು ಊರು ಸತ್ತ ಹಾಗಾಗುತ್ತಿತ್ತು. ಆ ಸುಮ್ಮನಿರುವಿಕೆಗೆ ಮೊಲ ಹೌಹಾರಿ ಗೋಡೆಗೆ ತಲೆ ಬಡಿದುಕೊಳ್ಳುತ್ತಿತ್ತು. ಅದಕ್ಕೊಂದು ಬೆಚ್ಚನೆಯ ಗೂಡು ಇದ್ದರೆ ಧೈರ್ಯ ಬಂದೀತು ಎಂದೆ ನಾನು. ನಮ್ಮ ಊರಲ್ಲಿ ಏನು ಬೇಕಾದರೂ ವೇಸ್ಟ್ ನೂಲಿನಿಂದಲೇ. ದಿಂಬಿಗೆ ತುಂಬುವುದು ಅದೇ, ಕೈ ಒರೆಸುವುದು ಅದೇ, ಬಾಣಂತಿಯ ಕೂಸಿನ ಬುಡಕ್ಕೆ ಹಾಸುವುದೂ ಅದೇ. ನನ್ನ ಮನೆಯಲ್ಲಿ ಒಂದು ಚೀಲ ಇತ್ತು. ತಂದು ಕಟ್ಟಿಗೆಯ ಖೊಕ್ಕೆಯೊಂದಕ್ಕೆ, ಅಂದರೆ ಪೆಟ್ಟಿಗೆಗೆ, ತುಂಬಿ ಹೊರಸಿನ ಬುಡಕ್ಕೆ ಸರಿಸಿದೆ. ಮರುದಿನ ನೋಡಿದರೆ ಮೊಲ ಅದರಲ್ಲಿ ಗುಂಡಿ ತೋಡಿ, ಕುತ್ತಿಗೆಯತನಕ ಮುಳುಗಿ ಕೂತಿತ್ತು. ಕರೆಂಟ್ ಹೋದರೂ ಕದಲಲಿಲ್ಲ.

ಅದಾದ ನಾಲ್ಕೈದು ದಿನಕ್ಕೆ ಬಂತು. ಸಂಜೆ, ಅವರು ಇನ್ನೂ ಉಂಡಿರಲಿಲ್ಲ. ಬೆನ್ನು ಮಾಡಿ ಕೂತಿದ್ದರು. ತುಟಿ ಅಲುಗಿತು. ಮೊಲ ಖೊಕ್ಕೆಯಿಂದ ಇಳಿದು, ಟ್ರಂಕು ಸುತ್ತಿ, ಅವರು ಹಿಂದೆ ಚಾಚಿದ ಕೈಯ ಹತ್ತಿರ ನಿಂತಿತು. ಮೂಗು ಆಡಿಸಿತು. ಗಜ್ಜರಿ ಬಿಟ್ಟು ಅವರ ಬೆರಳು ನೆಕ್ಕಿತು. ಆ ಬೆರಳಿನಲ್ಲಿ ಎಣ್ಣೆಯೂ ನೂಲಿನ ಗಂಜಿಯೂ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವರು ತಿರುಗಲಿಲ್ಲ, ಮಿಸುಕಲಿಲ್ಲ. ಹೊತ್ತು ಮುಳುಗಿಹೋಯಿತು. ಆ ದಿನ ಅವರ ಊಟ ತಪ್ಪಿತು. ಅಳುತ್ತಿದ್ದರೋ ಏನೋ, ನನಗೆ ಬೆನ್ನಷ್ಟೇ ಕಾಣುತ್ತಿತ್ತು, ನಾನು ಹೋಗಿ ನೋಡಲಿಲ್ಲ.

ಹದಿನೈದು ದಿನ. ಅಷ್ಟೇ ಅವರ ಸುಖ. ಅಷ್ಟು ದಿನ ಅವರು ಗಲ್ಲಿಯಲ್ಲಿ ಬರುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯವನು "ಜಾಬರ್ ಆಜಾರಿ ಹೈತ ಕಾಯ್?" ಎಂದು ನನ್ನನ್ನು ಕೇಳಿದ, ಜಡ್ಡೇನಾದರೂ ಬಂದಿದೆಯೇ ಎಂದು.

ಒಂದು ದಿನ ಅವರು ಕಿಂಡಿಯಲ್ಲಿ ಕರೆದರು.

"ತಂಗೀ, ಇದು ನೂಲ ತಿನ್ನಾಕತ್ತೈತಿ. ನೋಡ ಬಾ."

ಹೋಗಿ ನೋಡಿದೆ. ಶ್ಯಾವಿಗೆ ಎಳೆದುಕೊಂಡ ಹಾಗೆ ಒಂದೊಂದೇ ಎಳೆ ಬಾಯೊಳಗೆ ಎಳೆದುಕೊಳ್ಳುತ್ತಿತ್ತು.

"ತೆಗದ ಬಿಡ್ಲ್ಯಾ?" ಎಂದು ಕೇಳಿದರು.

"ಯಾಕ ತೆಗೀತೀರಿ? ತಿನ್ಲಿ ಬಿಡ್ರಿ," ಎಂದೆ ನಾನು. "ಖಳ ಹಚ್ಚಿದ ನೂಲು. ಖಳ ಅಂದ್ರ ಏನ, ಗಂಜೀನs ಅಲ್ಲ? ನಮ್ಮ ಮಹಾಗಾಂವದಾಗ ಶಕ್ತಿ ಇಲ್ಲದ ಮರಿಗೆ ಗಂಜೀನs ಕುಡಸತೇವಿ. ಆಡ ಹಗ್ಗ ತಿಂತಾವ, ಅರಿವಿ ತಿಂತಾವ, ಸತ್ತಾವೇನ?"

"ಹಂಗಂತೀ?"

"ನಿಮಗ ಮಾಗ ಗೊತ್ತ ಅಣ್ಣಾ. ನನಗ ಜೀವ ಗೊತ್ತ."

ಹೀಗೆ ಅಂದೆ. ಅಂದದ್ದಲ್ಲದೆ ಮರುದಿನ ಚೀಲದಿಂದ ಇನ್ನೊಂದು ಮುಷ್ಟಿ ತಂದು ಹಾಕಿದೆ. ಖಳ ಹೆಚ್ಚು ಹಚ್ಚಿದ್ದನ್ನೇ ಆರಿಸಿ ತಂದೆ. ಆಡಿಗೆ ಮೆಲುಕು ಇದೆ, ಮೊಲಕ್ಕೆ ಇಲ್ಲ ಎಂದು ಕುರುಬರ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು. ಹೊಳೆಯಲಿಲ್ಲ.

ಮೂರು ದಿನಕ್ಕೆ ತಿನ್ನುವುದು ಬಿಟ್ಟಿತು. ಗೂಡಿನಿಂದ ಇಳಿದು ಅವರ ತೊಡೆಯ ಹತ್ತಿರ ಬಂದು ಮುದುಡಿ ಕೂರುತ್ತಿತ್ತು, ಹಲ್ಲು ಕಡಿಯುತ್ತಿತ್ತು. ಹೊಟ್ಟೆ ಕಲ್ಲಾಗಿತ್ತು. ಅವರು ಅಂಗೈ ಅದರ ಹೊಟ್ಟೆಯ ಕೆಳಗಿಟ್ಟು ಕಣ್ಣು ಮುಚ್ಚಿದರು. "ಒಳಗ ಏನೂ ನಡ್ಯಾಕತ್ತಿಲ್ಲ," ಎಂದರು. ದನದ ದವಾಖಾನೆಗೆ ಒಯ್ದರು. ಡಾಕ್ಟರು ಎಮ್ಮೆಗೆ ಸೂಜಿ ಹಾಕುತ್ತಿದ್ದರಂತೆ. ಮೊಲ ನೋಡಿ, ನಮ್ಮಲ್ಲಿ ಇದಕ್ಕೆ ಔಷಧ ಇಲ್ಲ ಕಾಕಾ ಎಂದು ಒಳ್ಳೆಯ ಮಾತಿನಲ್ಲೇ ಹೇಳಿ ಕಳಿಸಿದರಂತೆ. ನಾನು ಕುಸುಬಿ ಎಣ್ಣೆ ಕುಡಿಸಿದೆ. ಹೊಟ್ಟೆ ನೀವಿದೆ. ಏನೂ ಆಗಲಿಲ್ಲ.

ಮರುದಿನ ಮಧ್ಯಾಹ್ನ ಸತ್ತಿತು, ಅವರ ಅಂಗೈಯ ಮೇಲೆ. ಅಂಜಿಕೆ ಇರಲಿಲ್ಲ ಅದಕ್ಕೆ. ಅದನ್ನಂತೂ ಕಲಿಸಿದ್ದೆವು.

ನಾನು ಒಳಗೆ ಹೋದಾಗ ಅವರು ಅದರ ಬಾಲದ ಕೆಳಗಿನಿಂದ ಇಣುಕಿದ ಒಂದು ಎಳೆಯನ್ನು ಹಿಡಿದಿದ್ದರು. ಮೆಲ್ಲಗೆ ಎಳೆದರು. ಬೆರಳುದ್ದ ಬಂದು ತುಂಡಾಯಿತು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿದರು, ನೂಲು ಎಷ್ಟನೇ ನಂಬರಿನದು ಎಂದು ಶೆಡ್ಡಿನಲ್ಲಿ ನೋಡುವ ಹಾಗೆ. ಯಾವ ನೂಲು, ಯಾರ ಚೀಲದ್ದು, ಎಲ್ಲ ಆ ಬೆರಳುಗಳಿಗೆ ತಿಳಿಯಿತು. ತಲೆ ಎತ್ತಿ ನನ್ನನ್ನು ನೋಡಿದರು.

ಈಗ ಒದರುತ್ತಾರೆ ಎಂದು ನಾನು ಬಾಗಿಲು ಹಿಡಿದು ನಿಂತೆ. ಒದರಲಿ ಎಂದೇ ನಿಂತೆ. ಇಡೀ ಕಬನೂರಿಗೆ ಕೇಳುವ ಹಾಗೆ ಒದರಲಿ, ಗಲ್ಲಿಯ ಜನ ಸೇರಲಿ.

ಅವರ ತುಟಿ ಅಲುಗಿತು. ಏನೋ ಹೇಳಿದರು. ನಾನೇ ಇಳಿಸಿ ಇಳಿಸಿ ಕಲಿಸಿದ ದನಿ ಅದು. ಆಚೀಚೆಯ ಮಾಗಗಳ ಬಡಿತದಲ್ಲಿ ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಮಾಗದವರಷ್ಟು ತುಟಿ ಓದಲು ನನಗೆ ಬರುವುದಿಲ್ಲ. ಏನಂದಿರಿ ಎಂದು ಕೇಳುವ ಧೈರ್ಯ ಆಗಲಿಲ್ಲ. ಬೈದರೋ, ಇರಲಿ ಬಿಡು ಅಂದರೋ, ಇವತ್ತಿಗೂ ಗೊತ್ತಿಲ್ಲ.

ಅದಾದ ಮೇಲೆ ಅವರು ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟರು. ಶೆಡ್ಡಿನಲ್ಲಿ ಸನ್ನೆ ಸಾಕಾಗುತ್ತಿತ್ತು. ಅಂಗಡಿಯಲ್ಲಿ ಬೆರಳು ತೋರಿಸುತ್ತಿದ್ದರು. ಜನ ಅದನ್ನು ಮೌನವ್ರತ ಎಂದರು. ಮಗಳು ಸತ್ತ ಮೇಲೆ ವೈರಾಗ್ಯ ಬಂತು, ದೊಡ್ಡ ಮನುಷ್ಯ, ಸಿಟ್ಟು ಗೆದ್ದ ಎಂದರು. ಬಸದಿಯ ಹೆಂಗಸರು ಕೆಲವರು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿಕೊಂಡು ಹೋದರು. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಗೆಲ್ಲಲಿಕ್ಕೆ ಅಲ್ಲಿ ಸಿಟ್ಟು ಎಲ್ಲಿತ್ತು? ಇಲ್ಲದ ಸಿಟ್ಟನ್ನು ಅವರ ತಲೆಗೆ ಕಟ್ಟಿದವರು ನಾವು. ಖೊಕ್ಕೆಯನ್ನು ಒಲೆಗೆ ಹಾಕಿದರು. ಟ್ರಂಕು ಹೊರಸಿನ ಬುಡದಲ್ಲೇ ಉಳಿಯಿತು.

ನನ್ನ ಜೊತೆ ಮೊದಲಿನ ಹಾಗೆಯೇ ಇದ್ದರು. ಹಬ್ಬಕ್ಕೆ ಹೋಳಿಗೆ ಕೊಟ್ಟರೆ ತೆಗೆದುಕೊಂಡು ತಲೆ ಆಡಿಸುತ್ತಿದ್ದರು. ನನ್ನ ಚರಕ ಕೆಟ್ಟರೆ ತಾವಾಗಿ ಬಂದು ಅಂಗೈ ಊರಿ ಸರಿಮಾಡಿ ಹೋಗುತ್ತಿದ್ದರು. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಮಗಳಿಗೆ ನಾನು ಹೇಳಿಕೊಟ್ಟ ಮಾತು ಒಂದೇ ಉಳಿದಿತ್ತು ನನ್ನ ಹೊಟ್ಟೆಯಲ್ಲಿ. ನೂಲಿನ ಮಾತು ಅವರಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಆರೇಳು ವರ್ಷ ಹಾಗೇ ಹೋದವು. ಆಮೇಲೆ ಎದೆಯಲ್ಲಿ ನೂಲಿನ ಧೂಳು ತುಂಬಿ ಅವರನ್ನು ಕೊಲ್ಹಾಪುರದ ದೊಡ್ಡ ದವಾಖಾನೆಗೆ ಹಾಕಿದರು. ನಾನು ಒಬ್ಬಳೇ ಬಸ್ಸು ಹತ್ತಿ ಹೋದೆ. ಉದ್ದನೆಯ ವಾರ್ಡು, ಎರಡು ಸಾಲು ಹಾಸಿಗೆ. ಕಿಟಕಿಯ ಕಡೆ ಮಲಗಿದ್ದರು. ಟೋಪಿ ಇಲ್ಲದೆ ಯಾರೋ ಬೇರೆಯವರ ಹಾಗೆ ಕಂಡರು. ನನ್ನನ್ನು ಗುರುತು ಹಿಡಿದರು. ಕಣ್ಣಿಗೆ ಪರೆ ಬಂದಿತ್ತು, ಇನ್ನು ತುಟಿ ನೋಡಿ ಮಾತು ತಿಳಿಯುವುದೂ ಆಗುತ್ತಿರಲಿಲ್ಲ ಎಂದು ಕಾಣುತ್ತದೆ. ಪಕ್ಕದ ಹಾಸಿಗೆಯವನು "ಐಕೂ ಯೇತ ನಾಹೀ ತ್ಯಾನ್ನಾ," ಎಂದು ಹೇಳಿದ. ಕಿವಿ ಪೂರಾ ಹೋಗಿದೆ ಅಂತ.

ನಾನು ಬಗ್ಗಿ ಅವರ ಕಿವಿಯ ಹತ್ತಿರ ಬಾಯಿ ಇಟ್ಟೆ.

"ಅಣ್ಣಾ, ಒಂದ ಮಾತ ಹೇಳೂದೈತಿ."

ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಕೇಳಿಸಲಿಲ್ಲ. ಹಾಗಾದರೆ ಹೀಗೇ ಆಗಲಿ ಎಂದು ಇದ್ದ ದನಿಯನ್ನೆಲ್ಲ ತೆಗೆದೆ.

"ನೀವು ಸಿಟ್ಟಿನವರು ಅಂತ ನಿಮ್ಮ ಮಗಳಿಗೆ ಹೇಳಿಕೊಟ್ಟಾಕಿ ನಾನ್ರೀ! ಅಪ್ಪಗ ಅಂಜು ಅಂತ ಅಂದಾಕಿ ನಾನ! ಆಕಿ ತಾನಾಗಿ ಅಂಜಲಿಲ್ರಿ! ನಾ ಅಂಜಿಸಿದೆ!"

ವಾರ್ಡಿನವರೆಲ್ಲ ಈ ಕಡೆ ತಿರುಗಿದರು. ಆಚೆ ತುದಿಯಲ್ಲಿ ನರ್ಸಬಾಯಿ ಎದ್ದು ನಿಂತಳು. ಎಲ್ಲರಿಗೂ ಕೇಳಿಸಿತ್ತು.

ಅವರು ನನ್ನ ಮುಖವನ್ನು, ಅಷ್ಟಗಲ ತೆರೆದ ಬಾಯಿಯನ್ನು ನೋಡಿದರು. ಆಮೇಲೆ ಹೊದಿಕೆಯೊಳಗಿನಿಂದ ಬಲಗೈ ಹೊರಗೆ ತೆಗೆದರು. ಅಂಗೈ ಕೆಳಮುಖ ಮಾಡಿ ಮೆಲ್ಲಗೆ ಕೆಳಗಿಳಿಸಿದರು. ಸ್ವಲ್ಪ ತಡೆದು, ಇನ್ನೊಮ್ಮೆ ಇಳಿಸಿದರು.

ನಾನು ಬಾಯಿ ಮುಚ್ಚಿದೆ.